ಕ್ಲ್ಯಾಟ್ ಬರೆಯುವವರಿಗೆ: ಅರ್ಜಿಯಿಂದ ಕಾರ್ಬನ್ ಪ್ರತಿಯವರೆಗೆ

2025ರ ಡಿಸೆಂಬರ್ 7ರಂದು ನಡೆದ ಕಾನೂನು ಪ್ರವೇಶ ಪರೀಕ್ಷೆಯ ಹೆಸರು ಕ್ಲ್ಯಾಟ್ 2026. ಇದರಲ್ಲೇನಿದೆ ಎನ್ನಬೇಡಿ. ನಾನು ಪಾಠ ಹೇಳುವ ಪಿಯು ಕಾಲೇಜಿನಲ್ಲಿ ಒಬ್ಬ ಹುಡುಗಿ ಹೆಸರಿನ ಮುಂದಿನ ಆ ಇಸವಿಯನ್ನು ನಂಬಿಯೇ ಕೆಟ್ಟಳು. ಜಾಹೀರಾತಿನಲ್ಲಿ ಮುಂದಿನ ವರ್ಷದ ಸಂಖ್ಯೆ ನೋಡಿ, ಸಿಇಟಿಯಂತೆ ಇದೂ ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಬೇಸಿಗೆಯಲ್ಲಿ ಬರುತ್ತದೆ ಎಂದುಕೊಂಡು ಓದುತ್ತಾ ಕುಳಿತಳು. ಡಿಸೆಂಬರ್ ಎರಡನೇ ವಾರದಲ್ಲಿ ನನ್ನ ಬಳಿ ಬಂದು, "ಸರ್, ಅರ್ಜಿ ಯಾವಾಗ ಬಿಡುತ್ತಾರೆ?" ಎಂದು ಕೇಳಿದಳು. ಅರ್ಜಿ ಬಿಟ್ಟು, ಮುಚ್ಚಿ, ಪರೀಕ್ಷೆಯೂ ಮುಗಿದು ಒಂದು ವಾರವಾಗಿತ್ತು.

ಹೆಸರಿನಲ್ಲಿರುವುದು ಪರೀಕ್ಷೆ ನಡೆಯುವ ವರ್ಷವಲ್ಲ, ಕಾಲೇಜಿಗೆ ಸೇರುವ ವರ್ಷ. ಮೊದಲು ಹೀಗಿರಲಿಲ್ಲ. 2022ರ ಪರೀಕ್ಷೆ ಅದೇ ವರ್ಷದ ಜೂನ್‌ನಲ್ಲಿ ನಡೆಯಿತು. ಆದರೆ ಅದೇ ವರ್ಷ ಡಿಸೆಂಬರ್ 18ರಂದು ಕ್ಲ್ಯಾಟ್ 2023 ಕೂಡ ನಡೆದುಹೋಯಿತು. ಹೀಗೆ ಒಂದೇ ವರ್ಷ ಎರಡು ಪರೀಕ್ಷೆ ಬಂದವು. ಅಲ್ಲಿಂದ ಇದು ಡಿಸೆಂಬರ್‌ನ ಒಂದು ಭಾನುವಾರ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಡೆಯುವ ಪರೀಕ್ಷೆಯಾಗಿದೆ. ಅರ್ಜಿ ಮಳೆಗಾಲದಲ್ಲಿ ಶುರುವಾಗುತ್ತದೆ: ಕ್ಲ್ಯಾಟ್ 2025ಕ್ಕೆ ಜುಲೈ ಮಧ್ಯದಲ್ಲಿ, 2026ಕ್ಕೆ ಆಗಸ್ಟ್ 1ರಂದು. ಅಂದರೆ ಲಾಯರ್ ಆಗಬೇಕೆನ್ನುವ ಮಗು ದ್ವಿತೀಯ ಪಿಯುಸಿ ಪುಸ್ತಕಗಳಿಗೆ ರಟ್ಟು ಹಾಕುವ ಹೊತ್ತಿಗೇ ಅರ್ಜಿಯ ಯೋಚನೆ ಶುರುವಾಗಿರಬೇಕು.

ಪಠ್ಯ, ತಯಾರಿ, ಕೋಚಿಂಗ್ ಬಗ್ಗೆ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಬರೆಯುತ್ತಿರುವುದು ಉಳಿದದ್ದರ ಬಗ್ಗೆ: ಅರ್ಜಿ, ಹೆಸರು, ಪ್ರಮಾಣಪತ್ರ, ಪ್ರಯಾಣ, ಪೆನ್ನು, ಆಮೇಲಿನ ದುಡ್ಡು. ಏಳೆಂಟು ವರ್ಷಗಳಿಂದ ಮಕ್ಕಳ ಜೊತೆ ಕುಳಿತು ಈ ಅರ್ಜಿ ತುಂಬಿಸುತ್ತಾ ಬಂದಿದ್ದೇನೆ. ಓದದೆ ಸೋತವರನ್ನು ನೋಡಿದಷ್ಟೇ, ಓದಿಯೂ ಕಾಗದಪತ್ರದಲ್ಲಿ ಎಡವಿದವರನ್ನೂ ನೋಡಿದ್ದೇನೆ. ಮೊದಲಿನವರಿಗೆ ಮರುವರ್ಷವಿದೆ ಎಂದು ಸಮಾಧಾನ ಹೇಳಬಹುದು. ಎರಡನೆಯವರಿಗೆ ಏನು ಹೇಳುವುದೆಂದು ನನಗೆ ಇವತ್ತಿಗೂ ತೋಚುವುದಿಲ್ಲ.

ಯಾರಿಗೆ ಬೇಕು, ಯಾರಿಗೆ ಬೇಡ

ಕ್ಲ್ಯಾಟ್ ಎಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ. 2008ಕ್ಕಿಂತ ಮೊದಲು ಒಂದೊಂದು ವಿಶ್ವವಿದ್ಯಾಲಯಕ್ಕೂ ಒಂದೊಂದು ಪರೀಕ್ಷೆ ಇತ್ತು. ಬೆಂಗಳೂರಿಗೆ ಒಂದು ಅರ್ಜಿ, ಹೈದರಾಬಾದ್‌ಗೆ ಇನ್ನೊಂದು, ಭೋಪಾಲ್‌ಗೆ ಮತ್ತೊಂದು. ಪ್ರತಿಯೊಂದಕ್ಕೂ ಶುಲ್ಕ, ಪ್ರತಿಯೊಂದಕ್ಕೂ ರೈಲು. 2006ರಲ್ಲಿ ಒಬ್ಬ ವಿದ್ಯಾರ್ಥಿ ಇದನ್ನೇ ಸುಪ್ರೀಂ ಕೋರ್ಟ್‌ಗೆ ಒಯ್ದ ಮೇಲೆ ಮಾತುಕತೆ ಶುರುವಾಯಿತು. 2008ರಲ್ಲಿ ಏಳು ವಿಶ್ವವಿದ್ಯಾಲಯಗಳು ಸೇರಿ ಮೊದಲ ಕ್ಲ್ಯಾಟ್ ನಡೆಸಿದವು. ಅದರ ಹೊಣೆ ಹೊತ್ತದ್ದು ನಮ್ಮ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್. ಮೊದಲ ವರ್ಷಗಳಲ್ಲಿ ವರ್ಷಕ್ಕೊಂದು ವಿಶ್ವವಿದ್ಯಾಲಯ ಸರದಿಯಂತೆ ಪರೀಕ್ಷೆ ನಡೆಸುತ್ತಿತ್ತು. 2017ರಲ್ಲಿ ಕನ್ಸಾರ್ಟಿಯಂ ಎಂಬ ಕಾಯಂ ಒಕ್ಕೂಟ ಹುಟ್ಟಿತು. ಈಗ ಅದರಡಿ ಇಪ್ಪತ್ತಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳಿವೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಮಾತ್ರ ಐಲೆಟ್ ಎಂಬ ತನ್ನದೇ ಪರೀಕ್ಷೆ ನಡೆಸುತ್ತದೆ. ಅದಕ್ಕೆ ಬೇರೆಯೇ ಅರ್ಜಿ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಪೋಷಕರ ಅರ್ಧ ಗಾಬರಿ ಇದರಿಂದಲೇ ಬರುತ್ತದೆ. ವಕೀಲರಾಗಲು ಕ್ಲ್ಯಾಟ್ ಕಡ್ಡಾಯವಲ್ಲ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಎಷ್ಟೋ ಕಾಲೇಜುಗಳಲ್ಲಿ ಪಿಯುಸಿ ಅಂಕಗಳ ಮೇಲೆಯೇ ಐದು ವರ್ಷದ ಕೋರ್ಸಿಗೆ ಸೇರಬಹುದು. ಕ್ಲ್ಯಾಟ್ ಬೇಕಾಗಿರುವುದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಮತ್ತು ಅದರ ಅಂಕವನ್ನು ಒಪ್ಪುವ ಇನ್ನು ಕೆಲವು ಸಂಸ್ಥೆಗಳಿಗೆ. ಕಾನೂನು ಪದವಿ ಮುಗಿಸಿ ಎಲ್‌ಎಲ್‌ಎಂ ಮಾಡುವವರಿಗೂ ಅದೇ ದಿನ ಬೇರೆ ಪ್ರಶ್ನೆಪತ್ರಿಕೆ ಇರುತ್ತದೆ. ನನ್ನ ಮಾತು ಪಿಯುಸಿ ಮಕ್ಕಳಿಗಾಗಿ ಇರುವ ಪತ್ರಿಕೆಯ ಬಗ್ಗೆ.

ಅರ್ಹತೆಯ ಲೆಕ್ಕ ಸರಳವಾಗಿದೆ. ಪಿಯುಸಿಯಲ್ಲಿ ಶೇ 45 ಅಂಕ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 40. ಕಲೆ, ವಾಣಿಜ್ಯ, ವಿಜ್ಞಾನ ಯಾವುದಾದರೂ ಸರಿ. ವಯಸ್ಸಿನ ಮಿತಿ ಇಲ್ಲ. ಡಿಸೆಂಬರ್‌ನಲ್ಲಿ ಅಂಕಪಟ್ಟಿ ಎಲ್ಲಿಂದ ತರುವುದು ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ತರುವುದು ಬೇಡ. ಮಾರ್ಚ್‌ನಲ್ಲಿ ಪಿಯುಸಿ ಪರೀಕ್ಷೆ ಬರೆಯಲಿರುವವರೂ ಅರ್ಜಿ ಹಾಕಬಹುದು, ಅಂಕಪಟ್ಟಿಯನ್ನು ಪ್ರವೇಶದ ಹೊತ್ತಿಗೆ ತೋರಿಸಿದರಾಯಿತು.

ಹೆಸರು, ಮೊಬೈಲ್, ಪ್ರಮಾಣಪತ್ರ

ಅರ್ಜಿ ಇರುವುದು ಕನ್ಸಾರ್ಟಿಯಂನ ಜಾಲತಾಣದಲ್ಲಿ ಮಾತ್ರ. ಮೊಬೈಲ್ ಸಂಖ್ಯೆ ಕೊಟ್ಟು ಒಟಿಪಿ ಪಡೆದು ಖಾತೆ ತೆರೆಯಬೇಕು. ಮೊದಲ ಹೊಂಡ ಇಲ್ಲೇ ಇದೆ. ಊರಿನ ಸೈಬರ್ ಸೆಂಟರ್‌ಗೆ ಹೋಗಿ, ಅಪ್ಪನ ಮೊಬೈಲ್ ಮನೆಯಲ್ಲಿದೆ ಎಂದು, ಸೈಬರ್‌ನವನ ಸಂಖ್ಯೆಯನ್ನೋ ಅವನೇ ಸೃಷ್ಟಿಸಿದ ಇಮೇಲ್ ಅನ್ನೋ ಕೊಟ್ಟು ಬರುವ ಮಕ್ಕಳಿದ್ದಾರೆ. ಅಂದಿನ ಕೆಲಸ ಅಂದಿಗೆ ಮುಗಿಯುತ್ತದೆ, ನಿಜ. ಆದರೆ ಹಾಲ್ ಟಿಕೆಟ್, ಫಲಿತಾಂಶ, ಕೌನ್ಸೆಲಿಂಗ್ ಎಲ್ಲದರ ಸಂದೇಶವೂ ಅದೇ ಸಂಖ್ಯೆಗೆ ಬರುತ್ತದೆ. ಐದಾರು ತಿಂಗಳ ನಂತರ ಸೀಟು ಬಂದಿರುವ ಸುದ್ದಿ ಯಾರೋ ಅಂಗಡಿಯವರ ಜೇಬಿನಲ್ಲಿ ಟಿಂಗ್ ಎಂದರೆ ನಿಮಗೇನು ಗೊತ್ತಾಗುತ್ತದೆ? ಮುಂದಿನ ಬೇಸಿಗೆಯವರೆಗೂ ಚಾಲ್ತಿಯಲ್ಲಿರುವ, ಮನೆಯವರದೇ ಆದ ಸಂಖ್ಯೆ ಕೊಡಿ. ಗುಪ್ತಪದವನ್ನು ಒಂದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ. ಹಾಗೆ ಬರೆಯಬಾರದು ಎಂದು ಕಂಪ್ಯೂಟರ್ ಬಲ್ಲವರು ಬೈಯುತ್ತಾರೆ, ಬೈಯಲಿ.

ಎರಡನೆಯದು ಹೆಸರು. ನಮ್ಮ ಕಡೆ ಇನಿಷಿಯಲ್‌ನದು ಯಾವಾಗಲೂ ಒಂದು ಕಥೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಮಂಜುಳಾ ಕೆ ಆರ್', ಆಧಾರ್‌ನಲ್ಲಿ 'ಮಂಜುಳಾ ರಾಜಪ್ಪ', ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ 'ಕೆ ಆರ್ ಮಂಜುಳ'. ಮೂರೂ ಒಬ್ಬಳೇ ಎಂದು ಊರಿಗೆಲ್ಲ ಗೊತ್ತು, ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ನಿಂತವರಿಗೆ ಗೊತ್ತಿಲ್ಲ. ಅರ್ಜಿಯಲ್ಲಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ, ಅಕ್ಷರಕ್ಕೆ ಅಕ್ಷರ, ಇನಿಷಿಯಲ್ ಎಲ್ಲಿದೆಯೋ ಅಲ್ಲಿಯೇ ಇಟ್ಟು ಬರೆಯುವುದು ಒಳ್ಳೆಯದು, ಏಕೆಂದರೆ ಮುಂದೆ ಪ್ರವೇಶದ ವೇಳೆ ತಾಳೆ ನೋಡುವುದು ಅದರ ಜೊತೆಗೇ. ಆಧಾರ್‌ನಲ್ಲಿ ಬೇರೆ ಥರ ಇದ್ದರೆ ಜೂನ್‌ನಲ್ಲೇ ತಿದ್ದಿಸಿಕೊಳ್ಳಿ. ನವೆಂಬರ್‌ನಲ್ಲಿ ಆಧಾರ್ ಕೇಂದ್ರದ ಸಾಲಿನಲ್ಲಿ ನಿಂತು ಸಾಮಾನ್ಯ ಜ್ಞಾನ ಓದುವ ಹುಡುಗರನ್ನು ಕಂಡಿದ್ದೇನೆ.

ಫೋಟೊ ಮತ್ತು ಸಹಿ ಅಪ್‌ಲೋಡ್ ಮಾಡಬೇಕು. ಫೋಟೊ ಇತ್ತೀಚಿನದಾಗಿರಲಿ, ಮುಖ ನೇರವಾಗಿರಲಿ, ಹಿನ್ನೆಲೆ ಸಾದಾ ಇರಲಿ. ಸ್ಟುಡಿಯೊದವರು ಕೆನ್ನೆಗೆ ಬಿಳುಪು ಹಚ್ಚಿ ಕೊಡುವ ಫೋಟೊ ಬೇಡ. ಸಹಿಯನ್ನು ಬಿಳಿ ಹಾಳೆಯ ಮೇಲೆ ಮಾಡಿ, ಅದೇ ಸಹಿಯನ್ನು ಪರೀಕ್ಷೆಯ ದಿನವೂ ಮಾಡಿ. ಹದಿನೇಳು ವರ್ಷದವರ ಸಹಿ ತಿಂಗಳಿಗೊಮ್ಮೆ ಬದಲಾಗುತ್ತದೆ. ಅರ್ಜಿಯಲ್ಲಿ ಮಾಡಿದ ಸಹಿಯ ಒಂದು ಚಿತ್ರವನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡು, ಪರೀಕ್ಷೆಗೆ ಮೊದಲು ಹತ್ತು ಸಲ ತಿದ್ದಿ ಅಭ್ಯಾಸ ಮಾಡಿಸುತ್ತೇನೆ. ನಗುತ್ತಾರೆ, ಆದರೂ ಮಾಡುತ್ತಾರೆ.

ಮೀಸಲಾತಿಯ ವಿಷಯಕ್ಕೆ ಬಂದರೆ ಕರ್ನಾಟಕದ ಮಕ್ಕಳು ತಪ್ಪುವುದು ಒಂದೇ ಕಡೆ. ನಮಗೆ ರೂಢಿಯಲ್ಲಿರುವುದು ಪ್ರವರ್ಗ 1, 2ಎ, 2ಬಿ, 3ಎ, 3ಬಿ. ಇವು ರಾಜ್ಯದ ಪಟ್ಟಿಗಳು. ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿ ಬೇರೆ, ಅದಕ್ಕೆ ಕೊಡುವ ಪ್ರಮಾಣಪತ್ರದ ನಮೂನೆಯೂ ಬೇರೆ. ಕೆನೆಪದರದ ಹೊರಗಿರುವವರು ಎಂದು ಅದರಲ್ಲಿ ಬರೆದಿರಬೇಕು. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಲ್ಲಿ ಮೀಸಲಾತಿಯ ನಿಯಮ ಎಲ್ಲ ಕಡೆಗೂ ಒಂದೇ ಅಲ್ಲ. ಪರಿಶಿಷ್ಟರ ಮೀಸಲು ಸಾಮಾನ್ಯವಾಗಿ ಎಲ್ಲೆಡೆ ಸಿಗುತ್ತದೆ. ಹಿಂದುಳಿದ ವರ್ಗದ್ದು ಕೆಲವು ಕಡೆ ಆಯಾ ರಾಜ್ಯದವರಿಗೆ ಮಾತ್ರ. ಹಾಗಾಗಿ '2ಎ ಇದೆಯಲ್ಲ' ಎಂದುಕೊಂಡು ಗುರುತು ಹಾಕಿ ಬರಬೇಡಿ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯೇ ನೋಡಿ, ಇದ್ದರೆ ನಾಡಕಚೇರಿಯಲ್ಲಿ ಕೇಂದ್ರದ ನಮೂನೆಯದೇ ಪ್ರಮಾಣಪತ್ರ ಬೇಕೆಂದು ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ರಾಜ್ಯದ್ದನ್ನು ಕೊಟ್ಟು ಕಳಿಸುತ್ತಾರೆ, ಅವರದು ತಪ್ಪಲ್ಲ. ಆರ್ಥಿಕವಾಗಿ ಹಿಂದುಳಿದ ವರ್ಗದ ಪ್ರಮಾಣಪತ್ರಕ್ಕೂ ಇದೇ ಮಾತು. ಅದು ಯಾವ ಹಣಕಾಸು ವರ್ಷದ್ದು ಎಂಬುದನ್ನೂ ನೋಡಿಕೊಳ್ಳಬೇಕು.

ಅಂಗವೈಕಲ್ಯ ಇರುವವರಿಗೆ ಎರಡು ಗಂಟೆಯ ಪರೀಕ್ಷೆಗೆ 40 ನಿಮಿಷ ಹೆಚ್ಚುವರಿ ಸಮಯ ಸಿಗುತ್ತದೆ, ಗಂಟೆಗೆ 20 ನಿಮಿಷದ ಲೆಕ್ಕ. ಬರೆದುಕೊಡುವವರ ನೆರವೂ ಪಡೆಯಬಹುದು. ಆದರೆ ಇದು ಪರೀಕ್ಷೆಯ ದಿನ ಹೋಗಿ ಕೇಳಿದರೆ ಸಿಗುವಂಥದಲ್ಲ. ಅರ್ಜಿಯಲ್ಲೇ ಹೇಳಿರಬೇಕು, ವೈದ್ಯಕೀಯ ಪ್ರಮಾಣಪತ್ರ ನಿಗದಿತ ನಮೂನೆಯಲ್ಲಿರಬೇಕು, ಬರೆದುಕೊಡುವವರ ವಿವರವನ್ನು ಮೊದಲೇ ಸಲ್ಲಿಸಿರಬೇಕು. ಬರೆದುಕೊಡಲು ಯಾರು ಅರ್ಹರು ಎಂಬುದಕ್ಕೆ ಕನ್ಸಾರ್ಟಿಯಂ ಪ್ರತ್ಯೇಕ ಸೂಚನೆಯನ್ನೇ ಹೊರಡಿಸುತ್ತದೆ. ಅರ್ಜಿ ತುಂಬುವ ವಾರದಲ್ಲೇ ಅದನ್ನು ಓದಿ ವ್ಯಕ್ತಿಯನ್ನು ಗೊತ್ತುಮಾಡಿಕೊಳ್ಳುವುದು ಕ್ಷೇಮ.

ಶುಲ್ಕ ಸಾಮಾನ್ಯ ವರ್ಗ ಮತ್ತು ಹಿಂದುಳಿದ ವರ್ಗದವರಿಗೆ 4,000 ರೂಪಾಯಿ, ಪರಿಶಿಷ್ಟರು ಮತ್ತು ಬಡತನ ರೇಖೆಗಿಂತ ಕೆಳಗಿರುವವರಿಗೆ 3,500 ರೂಪಾಯಿ. ಒಂದು ಪ್ರವೇಶ ಪರೀಕ್ಷೆಗೆ ಇದು ಜಾಸ್ತಿಯೇ. ಎರಡೂವರೆ ಸಾವಿರ ಬಾಡಿಗೆ ಕಟ್ಟಿ ಬದುಕುವ ಮನೆಯ ಮಗುವಿಗೆ ಇದನ್ನು ಹೇಳುವಾಗ ನನಗೇ ಮುಜುಗರವಾಗುತ್ತದೆ. ಕಟ್ಟಿದ ಶುಲ್ಕ ವಾಪಸ್ ಬರುವುದಿಲ್ಲ. ಹಣ ಕಡಿತವಾಗಿಯೂ ಅರ್ಜಿಯಲ್ಲಿ 'ಬಾಕಿ' ಎಂದು ತೋರಿಸಿದರೆ ಕೂಡಲೇ ಮತ್ತೆ ಕಟ್ಟಬೇಡಿ, ಒಂದು ದಿನ ಕಾದು ನೋಡಿ. ಕಾಯಲು ಒಂದು ದಿನ ಕೈಯಲ್ಲಿರಬೇಕಾದರೆ ಕೊನೆಯ ದಿನಕ್ಕೆ ಅರ್ಜಿ ಇಟ್ಟುಕೊಂಡಿರಬಾರದು. ಕೊನೆಯ ದಿನವನ್ನು ಒಂದು ವಾರ ಮುಂದೂಡುವ ರೂಢಿ ಇದೆ, 2024ರಲ್ಲೂ 2025ರಲ್ಲೂ ಮುಂದೂಡಿದರು. ಅದನ್ನು ನೆಚ್ಚಿಕೊಳ್ಳುವವರು ಜೂಜಾಡುತ್ತಿದ್ದಾರೆ ಅಷ್ಟೇ.

ಪರೀಕ್ಷೆ ಎಲ್ಲಿ ಬರೆಯಬೇಕೆಂದು ಊರುಗಳ ಆಯ್ಕೆಯನ್ನೂ ಅರ್ಜಿಯಲ್ಲೇ ಕೊಡಬೇಕು. ಬೇಗ ಅರ್ಜಿ ಹಾಕುವುದಕ್ಕೆ ಇದೂ ಒಂದು ಕಾರಣ. ಮೊದಲ ಆಯ್ಕೆ ಹತ್ತಿರದ ಕೇಂದ್ರವಾಗಿರಲಿ, ಉಳಿದವು ರಾತ್ರಿ ಬಸ್ಸಿನಲ್ಲಿ ಹೋಗಿ ಬರಬಹುದಾದ ಊರುಗಳಾಗಿರಲಿ. 'ಅಜ್ಜಿ ಮನೆ ಇದೆ' ಎಂದು ಎಂಟು ಗಂಟೆ ದೂರದ ಊರು ಕೊಟ್ಟು, ಪರೀಕ್ಷೆಯ ಹಿಂದಿನ ರಾತ್ರಿ ನೆಂಟರ ನಡುವೆ ನಿದ್ದೆಯಿಲ್ಲದೆ ಕಳೆದವರಿದ್ದಾರೆ.

ಆ ಭಾನುವಾರ

ಹಾಲ್ ಟಿಕೆಟ್ ನವೆಂಬರ್‌ನಲ್ಲಿ ಬರುತ್ತದೆ. ಅಂಚೆಯಲ್ಲಲ್ಲ, ಜಾಲತಾಣದಲ್ಲಿ. ಇಳಿಸಿಕೊಂಡು ಎರಡು ಪ್ರತಿ ಮುದ್ರಿಸಿ, ಕೇಂದ್ರದ ವಿಳಾಸವನ್ನು ನಿಧಾನವಾಗಿ ಓದಿ. ಬೆಂಗಳೂರಿನಲ್ಲಿ ಒಂದೇ ಹೆಸರಿನ ಕಾಲೇಜಿಗೆ ಎರಡು ಮೂರು ಆವರಣಗಳಿರುತ್ತವೆ. ಒಂದು ಜಯನಗರದಲ್ಲಿದ್ದರೆ ಇನ್ನೊಂದು ಊರಾಚೆ ಹೆದ್ದಾರಿಯ ಪಕ್ಕ. ಹೆಸರು ನೋಡಿ ಆಟೊ ಹತ್ತಬೇಡಿ, ಪಿನ್‌ಕೋಡ್ ನೋಡಿ. ಸಾಧ್ಯವಾದರೆ ಶನಿವಾರ ಸಂಜೆ ಹೋಗಿ ಗೇಟು ನೋಡಿಕೊಂಡು ಬನ್ನಿ. ರಾಯಚೂರು, ಬೀದರ್ ಕಡೆಯಿಂದ ಬರುವವರು ಭಾನುವಾರ ಬೆಳಗ್ಗೆ ಬಂದಿಳಿಯುವ ಬಸ್ಸಿಗಿಂತ ಶನಿವಾರ ಬೆಳಗ್ಗೆಯೇ ತಲುಪುವ ಬಸ್ಸು ಹಿಡಿಯುವುದು ಮೇಲು. ಪರೀಕ್ಷೆ ಮಧ್ಯಾಹ್ನ ಎಂಬ ಧೈರ್ಯದಲ್ಲಿ ರಾತ್ರಿ ಪ್ರಯಾಣ ಮಾಡಿ ನೇರವಾಗಿ ಬಂದವರಿಗೆ ಮೂರು ಗಂಟೆಯ ಹೊತ್ತಿಗೆ ಕಣ್ಣು ಎಳೆಯುತ್ತದೆ, ಅಷ್ಟರಲ್ಲಿ ಇನ್ನೂ ಅರ್ಧ ಪತ್ರಿಕೆ ಉಳಿದಿರುತ್ತದೆ.

ಊಟದ ವಿಚಾರವೂ ಇದೇ. ಎರಡು ಗಂಟೆ ಎಂದರೆ ನಾವು ಉಂಡು ಒರಗುವ ಹೊತ್ತು. ಹನ್ನೆರಡಕ್ಕೆ ಹಗುರವಾಗಿ ಊಟ ಮುಗಿಸಿಬಿಡಿ. ಪರೀಕ್ಷೆಗೆ ಮುಂಚಿನ ಒಂದು ವಾರ ಮಾದರಿ ಪತ್ರಿಕೆಗಳನ್ನು ಇದೇ ಎರಡರಿಂದ ನಾಲ್ಕರ ನಡುವೆ ಬರೆದರೆ ದೇಹಕ್ಕೆ ಅಭ್ಯಾಸವಾಗುತ್ತದೆ.

ಕೈಯಲ್ಲಿ ಇರಬೇಕಾದದ್ದು ಹಾಲ್ ಟಿಕೆಟ್, ಭಾವಚಿತ್ರವಿರುವ ಸರ್ಕಾರಿ ಗುರುತಿನ ಚೀಟಿಯ ಮೂಲಪ್ರತಿ, ಕಪ್ಪು ಅಥವಾ ನೀಲಿ ಬಾಲ್ ಪೆನ್ನು, ಒಳಗಿನದು ಕಾಣುವ ನೀರಿನ ಬಾಟಲಿ. ಜೆಲ್ ಪೆನ್ನು ಬೇಡ, ಶಾಯಿ ಹರಡುತ್ತದೆ. ಪೆನ್ನು ಮೂರು ಇರಲಿ, ಮೂರೂ ಬಳಸಿ ಪಳಗಿದವಾಗಿರಲಿ. ಮುಳ್ಳಿನ ಗಡಿಯಾರಕ್ಕೆ ಇತ್ತೀಚಿನ ವರ್ಷಗಳಲ್ಲಿ ಅವಕಾಶ ಕೊಟ್ಟಿದ್ದಾರೆ, ಡಿಜಿಟಲ್ ಮತ್ತು ಸ್ಮಾರ್ಟ್ ಗಡಿಯಾರಕ್ಕೆ ಇಲ್ಲ. ಮೊಬೈಲ್ ಒಳಗೆ ಬಿಡುವುದಿಲ್ಲ. ಇಟ್ಟುಕೊಳ್ಳುವ ವ್ಯವಸ್ಥೆ ಕೇಂದ್ರದಲ್ಲಿ ಇದ್ದೇ ಇರುತ್ತದೆ ಎಂದು ನಂಬಬೇಡಿ, ಜೊತೆಗೆ ಬಂದವರ ಕೈಗೆ ಕೊಡಿ. ಯಾರೂ ಜೊತೆಗಿಲ್ಲದಿದ್ದರೆ ಮೊಬೈಲ್ ಅನ್ನು ಉಳಿದ ಕೋಣೆಯಲ್ಲೇ ಬಿಟ್ಟು, ವಾಪಸ್ ಬರುವ ದಾರಿ ಮತ್ತು ಒಂದು ಫೋನ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೊರಡಿ. ಆ ಚೀಟಿಯನ್ನೂ ಪರೀಕ್ಷಾ ಕೊಠಡಿಯ ಹೊರಗಿನ ಚೀಲದಲ್ಲಿಡಿ, ಜೇಬಿನಲ್ಲಲ್ಲ.

ಹಿಂದಿನ ಪರೀಕ್ಷೆಗಳಲ್ಲಿ ಒಂದೂವರೆಗೆ ಕೊಠಡಿಯೊಳಗೆ ಬಿಟ್ಟು, ಎರಡೂಕಾಲರ ನಂತರ ಯಾರನ್ನೂ ಸೇರಿಸುತ್ತಿರಲಿಲ್ಲ. ನಾಲ್ಕಕ್ಕೆ ಮೊದಲು ಯಾರೂ ಹೊರಗೆ ಹೋಗುವಂತಿರಲಿಲ್ಲ. ನಿಮ್ಮ ಹಾಲ್ ಟಿಕೆಟ್‌ನಲ್ಲಿ ಅಚ್ಚಾಗಿರುವ ಸಮಯವೇ ಕೊನೆಯ ಮಾತು. ನಾನಂತೂ ಹನ್ನೆರಡೂ ಮುಕ್ಕಾಲಕ್ಕೆ ಗೇಟಿನ ಬಳಿ ಇರಿ ಎಂದು ಹೇಳಿ ಕಳಿಸುತ್ತೇನೆ.

ಮುಚ್ಚಿದ ಲಕೋಟೆ

ಇನ್ನು ನಿಜವಾದ ಕೆಲಸ. ಕ್ಲ್ಯಾಟ್ ಈಗ ಕಾಗದದ ಪರೀಕ್ಷೆ. ನಡುವೆ ಕೆಲವು ವರ್ಷ ಕಂಪ್ಯೂಟರ್‌ನಲ್ಲಿ ನಡೆದು 2021ರಿಂದ ಮತ್ತೆ ಕಾಗದಕ್ಕೆ ಬಂದಿದೆ. 2024ರ ಸಾಲಿನಿಂದ ಪ್ರಶ್ನೆಗಳು 150ರಿಂದ 120ಕ್ಕೆ ಇಳಿದಿವೆ. 120 ಪ್ರಶ್ನೆ, 120 ಅಂಕ, 120 ನಿಮಿಷ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಸ್ವಲ್ಪ ಗಣಿತ. ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲೇ ಇರುತ್ತವೆ, ಹೆಚ್ಚಿನ ವಿಭಾಗಗಳಲ್ಲಿ ಸುಮಾರು 450 ಪದಗಳ ಗದ್ಯಭಾಗ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಕಾನೂನು ಮೊದಲೇ ಗೊತ್ತಿರಬೇಕಿಲ್ಲ, ಬೇಕಾದ ನಿಯಮವನ್ನು ಅಲ್ಲೇ ಕೊಟ್ಟಿರುತ್ತಾರೆ. ಆದರೆ ಎರಡು ಗಂಟೆಯಲ್ಲಿ ಎಂಟು ಒಂಬತ್ತು ಸಾವಿರ ಪದ ಓದುವುದೆಂದರೆ ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ಅದೇ ದೊಡ್ಡ ಬೆಟ್ಟ. ಪರೀಕ್ಷೆಯನ್ನು ಬೇರೆ ಭಾರತೀಯ ಭಾಷೆಗಳಲ್ಲೂ ನಡೆಸಬೇಕೆಂದು ದೆಹಲಿ ಹೈಕೋರ್ಟ್‌ನಲ್ಲಿ 2023ರಲ್ಲಿ ಅರ್ಜಿ ಹಾಕಲಾಗಿತ್ತು. ನನ್ನ ಮಟ್ಟಿಗೆ ಆ ಬೇಡಿಕೆ ನ್ಯಾಯವಾದದ್ದು. ಅದು ಈಡೇರುವವರೆಗೆ ವೇಗವಾಗಿ ಓದುವುದನ್ನು ಕಲಿಯದೆ ವಿಧಿಯಿಲ್ಲ.

ಎರಡು ಗಂಟೆಗೆ ಸ್ವಲ್ಪ ಮೊದಲು ಮುಚ್ಚಿದ ಲಕೋಟೆ ಕೈಗೆ ಬರುತ್ತದೆ. ಅದರೊಳಗೆ ಪ್ರಶ್ನೆಪುಸ್ತಿಕೆ ಮತ್ತು ಓಎಂಆರ್ ಹಾಳೆ, ಅಂದರೆ ಯಂತ್ರ ಓದುವ ಉತ್ತರದ ಹಾಳೆ, ಎರಡೂ ಇರುತ್ತವೆ, ಎರಡೂ ಒಂದಕ್ಕೊಂದು ಜೋಡಿ. ಪುಸ್ತಿಕೆಯಲ್ಲಿ ಪುಟ ಬಿಟ್ಟುಹೋಗಿದ್ದರೆ, ಅಚ್ಚು ಮಸುಕಾಗಿದ್ದರೆ ಪುಸ್ತಿಕೆಯನ್ನಷ್ಟೇ ಬದಲಿಸುವಂತಿಲ್ಲ. ಇಡೀ ಲಕೋಟೆಯನ್ನೇ ಬದಲಿಸಿಕೊಂಡು, ಹೊಸ ಪುಸ್ತಿಕೆಗೆ ಹೊಸ ಓಎಂಆರ್ ಹಾಳೆಯನ್ನೇ ಬಳಸಬೇಕು. ಹಾಗಾಗಿ ಮೊದಲ ಕೆಲಸ ಉತ್ತರ ಬರೆಯುವುದಲ್ಲ, ಪುಟ ಎಣಿಸುವುದು. ನಿಮ್ಮದೇ ತಪ್ಪಿನಿಂದ ಹಾಳೆ ಕೆಟ್ಟರೆ ಎರಡನೆಯದು ಸಿಗುವುದಿಲ್ಲ. ಅದರ ಮೇಲೆ ನೀರಿನ ಬಾಟಲಿ ಇಡಬೇಡಿ.

ಆಮೇಲೆ ಸಂಖ್ಯೆಗಳು. ಹಾಲ್ ಟಿಕೆಟ್‌ನಲ್ಲಿರುವ ಸಂಖ್ಯೆ, ಪುಸ್ತಿಕೆಯ ಸಂಖ್ಯೆ, ಅದರ ಸೆಟ್. ಎ, ಬಿ, ಸಿ, ಡಿ ಎಂದು ನಾಲ್ಕು ಸೆಟ್ ಇರುತ್ತವೆ. ಪ್ರಶ್ನೆಗಳು ಅವೇ, ಕ್ರಮ ಬೇರೆ. ಸೆಟ್ ತಪ್ಪಿದರೆ ನಿಮ್ಮ ಸರಿ ಉತ್ತರಗಳನ್ನು ಬೇರೆಯವರ ಪ್ರಶ್ನೆಗಳಿಗೆ ತಾಳೆ ಹಾಕಿದಂತಾಗುತ್ತದೆ. ಸಂಖ್ಯೆಯನ್ನು ಮೇಲಿನ ಚೌಕಗಳಲ್ಲಿ ಬರೆದು, ಕೆಳಗೆ ಅದೇ ಅಂಕಿಯ ವೃತ್ತವನ್ನು ತುಂಬಬೇಕು. ಬರೆದದ್ದು ಏಳು, ತುಂಬಿದ್ದು ಒಂದು ಎಂದಾದರೆ ಯಂತ್ರ ಓದುವುದು ತುಂಬಿದ್ದನ್ನೇ. ಒಂದೊಂದು ಅಂಕಿಯನ್ನೂ ಮನಸ್ಸಿನಲ್ಲೇ ಉಚ್ಚರಿಸುತ್ತಾ ತುಂಬಿ.

ವೃತ್ತವನ್ನು ಬಾಲ್ ಪೆನ್ನಿನಿಂದ ಪೂರ್ತಿ ತುಂಬಬೇಕು. ಅಳಿಸುವುದು, ಬಿಳಿ ಹಚ್ಚುವುದು, ಗೀಚಿ ಇನ್ನೊಂದನ್ನು ತುಂಬುವುದು ಯಾವುದೂ ನಡೆಯುವುದಿಲ್ಲ. ಒಂದು ಪ್ರಶ್ನೆಗೆ ಎರಡು ವೃತ್ತ ತುಂಬಿದರೆ ಅದು ತಪ್ಪು ಉತ್ತರದ ಲೆಕ್ಕ, ಕಾಲು ಅಂಕ ಕಡಿತ.

ಎಷ್ಟು ಹೊತ್ತಿಗೆ ತುಂಬಬೇಕು ಎಂಬುದು ಹಳೆಯ ಜಗಳ. ಎಲ್ಲ ಉತ್ತರಗಳನ್ನೂ ಪುಸ್ತಿಕೆಯಲ್ಲಿ ಗುರುತು ಹಾಕಿಕೊಂಡು ಕೊನೆಯಲ್ಲಿ ಒಟ್ಟಿಗೆ ತುಂಬುತ್ತೇನೆ ಎನ್ನುವವರಿದ್ದಾರೆ. ಲೆಕ್ಕ ಹಾಕಿ: ಒಂದು ವೃತ್ತಕ್ಕೆ ಐದು ಸೆಕೆಂಡ್ ಎಂದರೂ 120 ವೃತ್ತಕ್ಕೆ ಹತ್ತು ನಿಮಿಷ. ಮೂರೂ ಐವತ್ತಕ್ಕೆ ಕೈಯಲ್ಲಿ ಬಿಡಿಸಬಲ್ಲ ಐದಾರು ಪ್ರಶ್ನೆ ಉಳಿದಿರುವಾಗ ಪೆನ್ನು ಕೆಳಗಿಟ್ಟು ವೃತ್ತ ತುಂಬಲು ಯಾರ ಮನಸ್ಸೂ ಒಪ್ಪುವುದಿಲ್ಲ. ನನ್ನ ವಿದ್ಯಾರ್ಥಿಯೊಬ್ಬ ನಾಲ್ಕು ಗಂಟೆಯ ಗಂಟೆ ಹೊಡೆದಾಗ ಹದಿನೆಂಟು ವೃತ್ತ ಖಾಲಿ ಬಿಟ್ಟು ಎದ್ದ, ಉತ್ತರಗಳೆಲ್ಲ ಪುಸ್ತಿಕೆಯಲ್ಲಿ ಪೆನ್ನಿನ ಗುರುತಾಗಿ ಉಳಿದವು. ಪ್ರತಿ ಪ್ರಶ್ನೆಗೂ ತಲೆಯೆತ್ತಿ ತುಂಬುವವರಿಗೆ ಬೇರೆ ತೊಂದರೆ, ಓದಿನ ಎಳೆ ತಪ್ಪುತ್ತದೆ. ಒಂದು ಗದ್ಯಭಾಗ ಮುಗಿದ ಕೂಡಲೇ ಅದರ ಐದಾರು ವೃತ್ತ ತುಂಬುವುದು ನಡುದಾರಿ. ಪ್ರಶ್ನೆ ಬಿಟ್ಟಾಗ ವೃತ್ತದ ಸಾಲು ಜಾರಿಹೋಗುವ ಅಪಾಯ ಇದ್ದೇ ಇದೆ. 47ನ್ನು ಬಿಟ್ಟು 48ರ ಉತ್ತರವನ್ನು 47ರಲ್ಲಿ ತುಂಬಿದರೆ ಅಲ್ಲಿಂದ ಮುಂದೆಲ್ಲ ಒಂದೊಂದು ಮೆಟ್ಟಿಲು ಮೇಲೆ ಹೋಗುತ್ತದೆ. ಪ್ರತಿ ಗದ್ಯಭಾಗದ ಕೊನೆಯಲ್ಲಿ ಪ್ರಶ್ನೆಯ ಸಂಖ್ಯೆಯೂ ಹಾಳೆಯ ಸಂಖ್ಯೆಯೂ ಒಂದೇ ಆಗಿದೆಯೇ ನೋಡಿದರೆ ಜಾರಿದ್ದು ಐದರಲ್ಲೇ ಸಿಕ್ಕಿಬೀಳುತ್ತದೆ, ಐವತ್ತಕ್ಕೆ ಹರಡುವುದಿಲ್ಲ.

ಕಾಲು ಅಂಕ ಕಡಿತಕ್ಕೆ ಹೆದರಿ ಖಾಲಿ ಬಿಡುವವರಿಗೂ ಒಂದು ಲೆಕ್ಕ. ಏನೂ ತಿಳಿಯದೆ ಹದಿನಾರು ಪ್ರಶ್ನೆಗೆ ಕಣ್ಣುಮುಚ್ಚಿ ತುಂಬಿದರೆ, ನಾಲ್ಕು ಆಯ್ಕೆಗಳಲ್ಲಿ ಒಂದರಂತೆ ಸರಾಸರಿ ನಾಲ್ಕು ಸರಿಯಾಗುತ್ತವೆ, ನಾಲ್ಕು ಅಂಕ. ಹನ್ನೆರಡು ತಪ್ಪಿಗೆ ಮೂರು ಅಂಕ ಹೋಗುತ್ತದೆ. ಉಳಿಯುವುದು ಒಂದು. ಅಂದರೆ ಬರೀ ಊಹೆಯಿಂದ ದೊಡ್ಡ ಲಾಭವಿಲ್ಲ, ನಷ್ಟವೂ ಇಲ್ಲ. ಆದರೆ ನಾಲ್ಕರಲ್ಲಿ ಒಂದನ್ನಾದರೂ ಖಚಿತವಾಗಿ ತಳ್ಳಿಹಾಕಬಲ್ಲಿರಾದರೆ ತುಂಬದೆ ಬಿಡುವುದು ದಡ್ಡತನ.

ಓಎಂಆರ್ ಹಾಳೆಗೆ ಕೆಳಗೊಂದು ಕಾರ್ಬನ್ ಪ್ರತಿ ಇರುತ್ತದೆ. ಮೂಲವನ್ನು ಕೊಠಡಿ ಮೇಲ್ವಿಚಾರಕರಿಗೆ ಕೊಟ್ಟು, ಪ್ರತಿಯನ್ನು ಬಿಡಿಸಿಕೊಂಡು ಬರಬೇಕು. ಅದು ನಿಮ್ಮದು. ಗಡಿಬಿಡಿಯಲ್ಲಿ ಎರಡನ್ನೂ ಕೊಟ್ಟು ಬಂದವರಿದ್ದಾರೆ. ಹಾಜರಿ ಹಾಳೆಯಲ್ಲಿ ಸಹಿ ಹಾಕಿದಿರೋ, ಹಾಲ್ ಟಿಕೆಟ್ ಮೇಲೆ ಮೇಲ್ವಿಚಾರಕರ ಸಹಿ ಬಿತ್ತೋ ನೋಡಿಕೊಂಡು ಏಳಿ.

ಪರೀಕ್ಷೆ ಮುಗಿದ ಮೇಲೆ

ಕೆಲವೇ ದಿನಗಳಲ್ಲಿ ತಾತ್ಕಾಲಿಕ ಸರಿಯುತ್ತರ ಪಟ್ಟಿ ಬರುತ್ತದೆ. ಕಾರ್ಬನ್ ಪ್ರತಿ ಕೆಲಸಕ್ಕೆ ಬರುವುದು ಆಗ. ಉತ್ತರ ತಪ್ಪೆನಿಸಿದರೆ ಆಕ್ಷೇಪಣೆ ಸಲ್ಲಿಸಬಹುದು, ಆದರೆ ಒಂದೊಂದು ಆಕ್ಷೇಪಣೆಗೂ 1,000 ರೂಪಾಯಿ ಕಟ್ಟಬೇಕು, ಅವಧಿ ಬಹಳ ಕಡಿಮೆ. ಆಕ್ಷೇಪಣೆ ಒಪ್ಪಿದರೆ ದುಡ್ಡು ವಾಪಸ್. ಇದನ್ನು ಸಣ್ಣ ವಿಷಯ ಎಂದುಕೊಳ್ಳಬೇಡಿ. 2025ರ ಸಾಲಿನ ಪತ್ರಿಕೆಯ ಕೆಲವು ಉತ್ತರಗಳ ತಕರಾರು ದೆಹಲಿ ಹೈಕೋರ್ಟ್‌ನ ಮೆಟ್ಟಿಲೇರಿತು. ಅಲ್ಲಿಂದ ಸುಪ್ರೀಂ ಕೋರ್ಟ್‌ಗೆ ಹೋಗಿ 2025ರ ಮೇ ತಿಂಗಳಲ್ಲಷ್ಟೇ ಇತ್ಯರ್ಥವಾಯಿತು. ಅಲ್ಲಿಯವರೆಗೆ ಕೌನ್ಸೆಲಿಂಗ್ ನಿಂತೇ ಇತ್ತು. ಕಾನೂನು ಓದಲು ಹೊರಟ ಮಕ್ಕಳಿಗೆ ಮೊದಲ ಪಾಠ ನ್ಯಾಯಾಲಯದಲ್ಲೇ ಆಯಿತು ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ನಕ್ಕಿದ್ದೆವು, ಮಕ್ಕಳಿಗೆ ಮಾತ್ರ ನಗು ಬರಲಿಲ್ಲ.

ಇಬ್ಬರಿಗೆ ಒಂದೇ ಅಂಕ ಬಂದರೆ ಕಾನೂನು ತರ್ಕದಲ್ಲಿ ಹೆಚ್ಚು ಪಡೆದವರು ಮುಂದೆ. ಅದೂ ಸಮವಾದರೆ ವಯಸ್ಸಿನಲ್ಲಿ ದೊಡ್ಡವರು, ಆಮೇಲೂ ಸಮವಾದರೆ ಕಂಪ್ಯೂಟರ್‌ನಲ್ಲಿ ಚೀಟಿ ಎತ್ತುತ್ತಾರೆ.

ಕೌನ್ಸೆಲಿಂಗ್‌ಗೆ ಕರೆ ಬಂದವರು ಮತ್ತೆ ದುಡ್ಡು ಹೊಂದಿಸಬೇಕು. ಇತ್ತೀಚಿನ ವರ್ಷಗಳಲ್ಲಿ ನೋಂದಣಿಗೆ ಸಾಮಾನ್ಯ ವರ್ಗಕ್ಕೆ 30,000, ಮೀಸಲು ವರ್ಗಗಳಿಗೆ 20,000 ರೂಪಾಯಿ. ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಕಟ್ಟಬೇಕಾಗಿ ಬರಬಹುದು. ಪರೀಕ್ಷೆಗೆ ಮೊದಲೇ ಮನೆಯಲ್ಲಿ ಈ ಮಾತು ಆಡಿರಬೇಕು. ಸೀಟು ಹಂಚಿಕೆಯಾದಾಗ ಮೂರು ದಾರಿ ಇರುತ್ತವೆ: ಫ್ರೀಜ್ ಎಂದರೆ ಇದೇ ಸೀಟು ಸಾಕು, ಫ್ಲೋಟ್ ಎಂದರೆ ಇದನ್ನು ಹಿಡಿದಿರುತ್ತೇನೆ, ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವುದು ಸಿಕ್ಕರೆ ಕೊಡಿ, ಎಕ್ಸಿಟ್ ಎಂದರೆ ನನಗೆ ಬೇಡ. ಫ್ಲೋಟ್ ಒತ್ತಿ ಮೇಲಿನದು ಸಿಕ್ಕರೆ ಹಿಂದಿನ ಸೀಟು ತಾನಾಗಿ ಕೈತಪ್ಪುತ್ತದೆ, ಮತ್ತೆ ಕೇಳುವಂತಿಲ್ಲ. ಆದ್ದರಿಂದ ವಿಶ್ವವಿದ್ಯಾಲಯಗಳ ಕ್ರಮವನ್ನು ಮನಸ್ಸಿಟ್ಟು ಬರೆಯಿರಿ. ಹೋಗಲು ಇಷ್ಟವಿಲ್ಲದ ಊರನ್ನು ಮೇಲೆ ಬರೆದು ಆಮೇಲೆ ಕೊರಗುವವರು ಪ್ರತಿ ವರ್ಷ ಸಿಗುತ್ತಾರೆ.

ನಮ್ಮ ಮಕ್ಕಳು ಮರೆಯಬಾರದ ಒಂದು ಸಂಗತಿ: ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ 2021ರಿಂದ 'ಕರ್ನಾಟಕದ ವಿದ್ಯಾರ್ಥಿಗಳಿಗೆ' ಶೇ 25ರಷ್ಟು ಸೀಟುಗಳನ್ನು ಪ್ರತಿ ವರ್ಗದೊಳಗೂ ಮೀಸಲಿಟ್ಟಿದೆ. ಇಲ್ಲಿ ಕರ್ನಾಟಕದವರು ಎಂದರೆ ಇಲ್ಲಿ ಹುಟ್ಟಿದವರಲ್ಲ, ಕನ್ನಡ ಮಾತಾಡುವವರೂ ಅಲ್ಲ. ಕರ್ನಾಟಕದ ಮಾನ್ಯತೆ ಪಡೆದ ಶಾಲಾ ಕಾಲೇಜುಗಳಲ್ಲಿ ಕನಿಷ್ಠ ಹತ್ತು ವರ್ಷ ಓದಿದವರು. ಹತ್ತು ವರ್ಷವನ್ನು ಸಾಬೀತುಪಡಿಸಲು ವ್ಯಾಸಂಗ ಪ್ರಮಾಣಪತ್ರ ಬೇಕು. ಒಂದರಿಂದ ಏಳರವರೆಗೆ ಒಂದು ಶಾಲೆ, ಎಂಟರಿಂದ ಹತ್ತು ಇನ್ನೊಂದು, ಪಿಯುಸಿ ಮತ್ತೊಂದು ಎಂದಾದರೆ ಮೂರು ಕಡೆ ಅಲೆಯಬೇಕು. ಊರಿನ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರು ವರ್ಗವಾಗಿ ಹೋಗಿರುತ್ತಾರೆ, ದಾಖಲಾತಿ ಪುಸ್ತಕ ಬೀರುವಿನಲ್ಲಿರುತ್ತದೆ, ಬೀರುವಿನ ಕೀಲಿ ಯಾರ ಬಳಿಯೋ. ಈ ಕೆಲಸವನ್ನು ದಸರಾ ರಜೆಗೆ ಮುಂಚೆಯೇ ಮುಗಿಸಿ.

ಆ ಹಾಲ್ ಟಿಕೆಟ್, ಮೇಲ್ವಿಚಾರಕರು ಸಹಿ ಹಾಕಿದ್ದು, ಪ್ರವೇಶದ ದಿನ ತೋರಿಸಬೇಕು. ಹಾಗೆಂದು ಪುಸ್ತಿಕೆಯ ಮೇಲೆಯೇ ಅಚ್ಚು ಹಾಕಿರುತ್ತಾರೆ, ಆದರೆ ನಾಲ್ಕು ಗಂಟೆಗೆ ಹೊರಬಂದವರಿಗೆ ಅದರ ನೆನಪೆಲ್ಲಿ. ಪರೀಕ್ಷೆ ಮುಗಿಯಿತೆಂದು ಅದನ್ನೇ ನಾಲ್ಕಾಗಿ ಮಡಚಿ ಬಸ್ಸಿನಲ್ಲಿ ಬಾಳೆಹಣ್ಣಿನ ಸಿಪ್ಪೆ ಸುತ್ತಿ ಕಿಟಕಿಯಿಂದಾಚೆ ಎಸೆದೆ ಎಂದು ಒಬ್ಬ ಬಂದು ಹೇಳಿದ. ಅವನ ರ‍್ಯಾಂಕ್ ಚೆನ್ನಾಗಿತ್ತು.